ಮುಲಾಜಿಲ್ಲದ ಸಾಕ್ಷಿ

"ನಿನ್ನ ಸಾವಿಗೆ ಕಾಯ್ತಿದೀನಿ ಅಂದಿದಾನೆ ಕಣೋ ಇವನು! ಹೂಳೋಕೆ ಜಾಗಾನೂ ನೋಡಿಟ್ಟಿದಾನಂತೆ!"

ತೆಂಜಿವೆ ಅಜ್ಜಿ ನನ್ನ ಕನ್ನಡಕವನ್ನು ಕೇಳದೆಯೇ ಎತ್ತಿ ತನ್ನ ಮೂಗಿಗೇರಿಸಿಕೊಂಡು, ನನ್ನ ಜೆರಾಕ್ಸ್ ಯಂತ್ರದ ಮುಚ್ಚಳದ ಮೇಲೆ ಕಾಗದ ಹರಡಿಕೊಂಡು ಓದುತ್ತಿದ್ದಳು. ಕಾಗದ ಅವಳದಲ್ಲ, ಅವಳ ವಠಾರದ ಮೂರನೇ ಕೋಣೆಯ ಚಾಮುನೋರ್ವಾನದು. ಆದರೆ ದಕ್ಷಿಣ ಆಫ್ರಿಕಾದ ಟೆಂಬಿಸಾ ಪಟ್ಟಣದ ಈ ವಠಾರದ ಗೇಟು ದಾಟಿ ಒಳಬಂದ ಯಾವ ಕಾಗದವನ್ನೂ ಅಜ್ಜಿ ಓದದೆ ಬಿಟ್ಟದ್ದಿಲ್ಲ. ವಠಾರ ಅವಳದು, ಗೇಟು ಅವಳದು, ಆದ್ದರಿಂದ ಅದರೊಳಗೆ ಬಂದ ಕಾಗದವೂ ಅವಳದು ಎಂಬ ನ್ಯಾಯ.

"ಅದು ಹಾಗಲ್ಲ ಅಜ್ಜಿ," ಎಂದ ಚಾಮುನೋರ್ವಾ. ಈ ಮನುಷ್ಯ ಬಾಯಿ ತೆರೆಯುವುದೇ 'ಅದು ಹಾಗಲ್ಲ' ಎಂಬ ಮಾತಿನಿಂದ. ಆಮೇಲೆ ಅದು ಹೇಗೆ ಎಂದು ಹೇಳಲು ಹೋಗಿ ಇನ್ನಷ್ಟು ಕೆಡಿಸುತ್ತಾನೆ. "ಅವನು ನನ್ನ ಸಹ್ವೀರ. ಅವನು ಹಾಗನ್ನದೆ ಇದ್ರೇನೇ ತಪ್ಪು."

"ಕೊಲ್ಲೋಕೆ ಬರೋನ ಪರವಾಗಿ ಮಾತಾಡ್ತೀಯಲ್ಲೋ ಮಗನೇ!"

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಈ ಕಾಗದಕ್ಕೆ ಕಾರಣವಾದ ಅರ್ಜಿಯ ಆರು ಪ್ರತಿ ತೆಗೆದುಕೊಟ್ಟವನು ನಾನು. ಪೊಲೀಸ್ ಠಾಣೆಯ ಸರದಿಯಲ್ಲಿ ನಿಂತು ಆರಕ್ಕೂ ಠಸ್ಸೆ ಹಾಕಿಸಿಕೊಂಡು ಬಂದವನು ಚಾಮುನೋರ್ವಾ. ಆದರೆ ಅರ್ಜಿಯ ಹನ್ನೆರಡನೇ ಪುಟದಲ್ಲಿ ಅವನು ಏನು ಬರೆದಿದ್ದ ಎಂದು ನಾನು ನೋಡಿರಲಿಲ್ಲ. ಅದೇ ನಾನು ಮಾಡಿದ ತಪ್ಪು.

ವಿಷಯ ಇಷ್ಟೇ. ಚಾಮುನೋರ್ವಾ ಬಾಯ್ಲರ್ ಕಟ್ಟುವ ಕೆಲಸಗಾರ. ಹನ್ನೊಂದು ವರ್ಷದಿಂದ ಫಾನ್ ಟೊಂಡರ್ ಎಂಬ ಧಣಿಯ ಕಾರ್ಖಾನೆಯಲ್ಲಿದ್ದ. ಅವನ ವೀಸಾ ಆ ಧಣಿ ಕೊಡಿಸಿದ್ದು, ಅದರ ಮೇಲೆ ಕಾರ್ಖಾನೆಯ ಹೆಸರೇ ಅಚ್ಚಾಗಿತ್ತು. ಅಲ್ಲಿ ಬಿಟ್ಟು ಬೇರೆ ಎಲ್ಲಿ ಸುತ್ತಿಗೆ ಎತ್ತಿದರೂ ಅಪರಾಧ. ಈಗ ಧಣಿಗೆ ವಯಸ್ಸಾಗಿ, ಸೆಪ್ಟೆಂಬರ್ ಕೊನೆಗೆ ಕಾರ್ಖಾನೆಗೆ ಬೀಗ ಜಡಿದು ಸಮುದ್ರದ ಕಡೆ ಮೀನು ಹಿಡಿಯಲು ಹೊರಟಿದ್ದ. ಚಾಮುನೋರ್ವಾನ ವೀಸಾವೂ ಧಣಿಯ ಜೊತೆಗೇ ಮೀನು ಹಿಡಿಯಲು ಹೊರಟಂತಾಯಿತು. ಮಗಳು ರುವಾಳಿಗೆ ಶಾಲೆಯ ಕೊನೆಯ ಪರೀಕ್ಷೆ ನವೆಂಬರಿನಲ್ಲಿ. ಅಷ್ಟರೊಳಗೆ ಮೂವರೂ ಗಂಟುಮೂಟೆ ಕಟ್ಟಿ ಜಿಂಬಾಬ್ವೆಯ ಬಸ್ಸು ಹತ್ತಬೇಕಿತ್ತು. ಉಳಿದದ್ದು ಒಂದೇ ದಾರಿ: ದೇಶಕ್ಕೆ ಬೇಕಾದ ಕಸುಬು ಬಲ್ಲವರಿಗೆ ಅವರವರ ಹೆಸರಿನಲ್ಲೇ ಕೊಡುವ ವೀಸಾ. ಅದಕ್ಕೆ ಧಣಿ ಬೇಡ, ಕಾರ್ಖಾನೆ ಬೇಡ. ಕಸುಬು ಬರುತ್ತದೆ ಎಂದು ಪ್ರಿಟೋರಿಯಾದ ಪರಿಶೀಲನಾ ಕಚೇರಿ ಒಂದು ಪ್ರಮಾಣಪತ್ರ ಕೊಟ್ಟರೆ ಸಾಕು. ಅದನ್ನಿಟ್ಟು ತಿಂಗಳು ಮುಗಿಯುವುದರೊಳಗೆ ಅರ್ಜಿ ಒಳಗೆ ಹಾಕಿದರೆ ಉತ್ತರ ಬರುವವರೆಗೆ ಯಾರೂ ಓಡಿಸುವಂತಿಲ್ಲ.

ಪ್ರಮಾಣಪತ್ರಕ್ಕೆ ಇಬ್ಬರ ಸಾಕ್ಷಿ ಬೇಕು. ಒಬ್ಬ ಧಣಿ. ಇನ್ನೊಬ್ಬರು ಯಾರು ಎನ್ನುವುದಕ್ಕೆ ಹನ್ನೆರಡನೇ ಪುಟದಲ್ಲಿ ಹೀಗೆ ಅಚ್ಚಾಗಿತ್ತು: 'ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನಿಮ್ಮನ್ನು ಬಲ್ಲ, ನಿಮ್ಮ ರಕ್ತಸಂಬಂಧಿಯಲ್ಲದ, ನಿಮ್ಮ ಬಗ್ಗೆ ಭಯವಾಗಲಿ ಮುಲಾಜಾಗಲಿ ಇಲ್ಲದೆ ನಿಜ ಹೇಳಬಲ್ಲ ವ್ಯಕ್ತಿ.'

ಲೋಕದ ಜನ ಇದನ್ನು ಓದಿದರೆ ಚರ್ಚಿನ ಪಾದ್ರಿಯ ಹೆಸರು ಬರೆಯುತ್ತಾರೆ. ಹೆಂಡತಿಯೂ ಅದನ್ನೇ ಹೇಳಿದ್ದಳು. ಆದರೆ ಚಾಮುನೋರ್ವಾ ಅಚ್ಚಾದದ್ದನ್ನೆಲ್ಲ ಅಕ್ಷರಕ್ಕೆ ಅಕ್ಷರ ನಂಬುವವನು. ಭಯವಿಲ್ಲದೆ, ಮುಲಾಜಿಲ್ಲದೆ ಅವನ ಬಗ್ಗೆ ನಿಜ ಹೇಳುವವನು ಭೂಮಿಯ ಮೇಲೆ ಒಬ್ಬನೇ: ಅವನ ಊರಾದ ಗುಟುವಿನಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿರುವ ಜೊಕೊನಿಯಾ. ಹೆಸರು ಬರೆದು, ಸಂಬಂಧ ಎಂಬಲ್ಲಿ ಎದೆಯುಬ್ಬಿಸಿ 'ಸಹ್ವೀರ' ಎಂದು ಬರೆದ.

ನಾನು ಮಲಾವಿಯವನು. ಹತ್ತೊಂಬತ್ತು ವರ್ಷ ಜಿಂಬಾಬ್ವೆಯ ಈ ಜನರ ಜೊತೆ ಒಂದೇ ನಲ್ಲಿಯ ನೀರು ಕುಡಿದು ಸಹ್ವೀರ ಎಂದರೇನು ಎಂದು ತಿಳಿದುಕೊಂಡಿದ್ದೇನೆ. ಗೆಳೆಯ ಎಂದರೆ ಸಾಲದು. ಅದು ಅಪ್ಪನಿಂದ ಮಗನಿಗೆ ಬರುವ ನಂಟು. ನಿಮ್ಮನ್ನು ನಾಲ್ಕು ಜನರ ಮುಂದೆ ಹೀಗಳೆಯುವ ಹಕ್ಕು ಅವನಿಗಿದೆ, ಸಿಟ್ಟಾಗುವ ಹಕ್ಕು ನಿಮಗಿಲ್ಲ. ನೀವು ಸತ್ತಾಗ ಗುಂಡಿ ತೋಡಲು ಜಾಗ ತೋರಿಸುವವನು ಅವನು. ಹೆಣದ ಮುಂದೆ ನಿಮ್ಮ ನಡಿಗೆ, ನಿಮ್ಮ ಕೆಮ್ಮು, ನಿಮ್ಮ ಜಿಪುಣತನ ಎಲ್ಲವನ್ನೂ ಅಭಿನಯಿಸಿ, ಅಳುವವರನ್ನು ನಗಿಸುವವನೂ ಅವನೇ. ಇಂಥವನಿಗೆ ಪ್ರಿಟೋರಿಯಾದ ಸೆಲೆಪೆ ಮೇಡಂ ಫೋನು ಮಾಡಿ, "ಚಾಮುನೋರ್ವಾ ಎಂಥ ಕೆಲಸಗಾರ?" ಎಂದು ಕೇಳಿದ್ದರು.

ಅವನು ಹೇಳಿದ್ದನ್ನೆಲ್ಲ ಅವರು ಒಂದಕ್ಷರ ಬಿಡದೆ ಕಾಗದದಲ್ಲಿ ಇಳಿಸಿದ್ದರು. ಅರ್ಜಿದಾರನು ಗಬ್ಬದ ಆಮೆಗಿಂತ ನಿಧಾನ. ಅರ್ಜಿದಾರನು ಒಮ್ಮೆ ತೊಟ್ಟಿಯೊಂದನ್ನು ಬೆಸೆಯುತ್ತ ತಾನು ಒಳಗಿದ್ದೇನೆಂಬುದನ್ನೇ ಮರೆತಿದ್ದ. ಅರ್ಜಿದಾರನ ಅಪ್ಪನೂ ಹೀಗೇ ಇದ್ದನೆಂದು ಸಾಕ್ಷಿದಾರನ ಅಪ್ಪ ಹೇಳುತ್ತಿದ್ದ. ಸಾಕ್ಷಿದಾರನು ಅರ್ಜಿದಾರನ ಸಾವಿಗಾಗಿ ಕಾಯುತ್ತಿದ್ದು, ಸಕಲ ಸಿದ್ಧತೆ ಮಾಡಿಕೊಂಡಿದ್ದಾನೆ. ಕೊನೆಗೆ ಮೇಡಂ ತಮ್ಮ ಕಡೆಯಿಂದ ಎರಡು ಸಾಲು ಸೇರಿಸಿದ್ದರು: 'ಹದಿನಾಲ್ಕು ದಿನದೊಳಗೆ ವಿವರಣೆ ಕೊಡಿ. ಹತ್ತಿರದ ಪೊಲೀಸ್ ಠಾಣೆಗೆ ದೂರು ಕೊಡುವುದೂ ಒಳ್ಳೆಯದು.'

ಅಂಗಡಿಯಿಂದಲೇ ಫೋನು ಹಚ್ಚಿದೆವು. ಆ ಕಡೆ ಗಿರಣಿಯ ಸದ್ದು, ಅದರ ಮೇಲೆ ಜೊಕೊನಿಯಾನ ಸದ್ದು.

"ಏನೋ, ಇನ್ನೂ ಉಸಿರಾಡ್ತಿದೀಯಾ?"

"ಸಹ್ವೀರ, ಆ ಮೇಡಂ ಹತ್ರ ಏನಂದೆ ನೀನು?"

"ಏನಂದೆ? ನಿಜ ಹೇಳಿ ಅಂದ್ರು, ಹೇಳ್ದೆ. ಪಾಪ, ಆ ಹೆಂಗಸಿಗೆ ಏನಾಗಿದೆಯೋ! ಎಷ್ಟು ಹೇಳಿದ್ರೂ ನಗಲೇ ಇಲ್ಲ. ಕಡಿಮೆ ಆಯ್ತೇನೋ ಅಂತ ಇನ್ನೊಂದಷ್ಟು ಸೇರಿಸ್ದೆ. ಆಗ್ಲೂ ನಗಲಿಲ್ಲ. ಕೊನೆಗೆ ನಿನ್ನ ಹೆಣ ಹೊರೋದರವರೆಗೂ ಹೋದೆ. ಊಹೂಂ!"

"ಅಯ್ಯಾ," ಎಂದು ನಾನು ಬಾಯಿ ಹಾಕಿದೆ, "ಅವರು ಬರ್ಕೊಳ್ತಾ ಇದ್ರು!"

"ಬರ್ಕೊಂಡ್ರಾ? ಒಳ್ಳೇದಾಯ್ತಲ್ಲ, ಮರ್ತುಹೋಗಲ್ಲ."

ರುವಾಳ ತಾಯಿ ಎಪಿಫಾನಿಯಾ ಅಳುತ್ತಲೇ ಫೋನು ಕಿತ್ತುಕೊಂಡಳು. "ಅಣ್ಣಾ, ನಿಮ್ಮ ಮಾತಿಂದ ನಾವು ಊರು ಬಿಡೋ ಹಾಗಾಗಿದೆ. ಮಗೂಗೆ ಪರೀಕ್ಷೆ ಇದೆ. ಒಂದೇ ಒಂದು ಒಳ್ಳೇ ಮಾತು ಹೇಳಿ ಸಾಕು."

ಆ ಕಡೆ ಗಿರಣಿ ನಿಂತಿತು.

"ತಂಗೀ, ನಮ್ಮಪ್ಪ ಇವರಪ್ಪನ್ನ ನಲವತ್ತು ವರ್ಷ ಆಡ್ಕೊಂಡ. ಒಂದು ದಿನ, ಒಂದೇ ಒಂದು ದಿನ ಹೊಗಳಿದೋನಲ್ಲ. ಅಂಥ ಮನೆತನದಲ್ಲಿ ಹುಟ್ಟಿ ನಾನು ಇವನನ್ನ ಹೊಗಳ್ಲಾ? ಜನ ಏನಂತಾರೆ? ಏನೋ ಜಗಳ ಆಗಿದೆ, ದೂರ ಆಗಿದಾರೆ ಅಂತಾರೆ. ಆಯ್ತು, ನಿನಗೋಸ್ಕರ ಒಂದು ಕಾಗದ ಬರೀತೀನಿ, ಠಸ್ಸೆ ಹಾಕಿಸಿ ಬಸ್ಸಿಗೆ ಕೊಡ್ತೀನಿ."

ಐದನೇ ದಿನ ಕಾಗದ ಬಂತು. ಲಕೋಟೆಗೆ ಅರಗಿನ ಮುದ್ರೆ. "ಒಡೆದು ನೋಡೋಣ," ಎಂದೆ. "ಅದು ಹಾಗಲ್ಲ, ಸರ್ಕಾರದ ಮುದ್ರೆ ಇದೆ, ನಾವು ಒಡೆಯೋ ಹಾಗಿಲ್ಲ ಜೆರಾಕ್ಸಣ್ಣ," ಎಂದು ಚಾಮುನೋರ್ವಾ ಅದನ್ನು ಎದೆಗವಚಿಕೊಂಡು ಹೋಗಿ ಹಾಗೇ ಪ್ರಿಟೋರಿಯಾಕ್ಕೆ ಸಲ್ಲಿಸಿದ. ನಾಲ್ಕನೇ ದಿನ ಮೇಡಂ ಅದರ ಪ್ರತಿಯ ಜೊತೆ ಉತ್ತರ ಕಳಿಸಿದರು. ಆಗಲೇ ನಾವು ಅದನ್ನು ಓದಿದ್ದು.

'ಮೊದಲು ಹೇಳಿದ್ದನ್ನೆಲ್ಲ ವಾಪಸು ತೆಗೆದುಕೊಂಡಿದ್ದೇನೆ. ಅವನು ಒಳ್ಳೆಯ ಕೆಲಸಗಾರ. ಅವನ ಹೆಂಡತಿ ಫೋನಿನಲ್ಲಿ ಕಣ್ಣೀರಿಟ್ಟಿದ್ದರಿಂದ ಹೀಗೆ ಬರೆದಿದ್ದೇನೆ. ಇಲ್ಲದಿದ್ದರೆ ಬರೆಯುತ್ತಿರಲಿಲ್ಲ.'

ಅದರ ಕೆಳಗೆ ಮೇಡಂ: 'ಸಾಕ್ಷಿದಾರನ ಮೇಲೆ ಒತ್ತಡ ತರಲಾಗಿದೆ ಎಂದು ಕಾಣುತ್ತದೆ. ಗುರುವಾರ ಹತ್ತು ಗಂಟೆಗೆ ಸಾಕ್ಷಿದಾರನೊಂದಿಗೆ ಖುದ್ದಾಗಿ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಅರ್ಜಿ ವಜಾ.'

ಗುರುವಾರಕ್ಕೆ ಮೂರು ದಿನ. ತಿಂಗಳು ಮುಗಿಯಲು ಐದು ದಿನ. ಎಪಿಫಾನಿಯಾ ಕಪಾಟಿನ ಮೇಲಿಂದ ಸೂಟ್‌ಕೇಸು ಇಳಿಸಿ, ಅದರ ಧೂಳು ಒರೆಸಿ, ಬಟ್ಟೆ ತುಂಬತೊಡಗಿದಳು. ಬೈದಿದ್ದರೇ ಚೆನ್ನಾಗಿತ್ತು.

ಬುಧವಾರ ಬೆಳಿಗ್ಗೆ ನಾನು ಅಂಗಡಿ ತೆರೆಯುತ್ತಿದ್ದೆ. ಗೇಟಿನ ಹೊರಗೆ ತಲೆಯ ಮೇಲೆ ನೆಲಗಡಲೆ ಮೂಟೆ, ಕಂಕುಳಲ್ಲಿ ಜೀವಂತ ಕೋಳಿ ಇಟ್ಟುಕೊಂಡ ದಢೂತಿ ಆಸಾಮಿಯೊಬ್ಬ ನಿಂತಿದ್ದ. ಒಳಗೆ ಪೊರಕೆ ಹಿಡಿದ ತೆಂಜಿವೆ ಅಜ್ಜಿ.

"ಯಾರು ಬೇಕು?"

"ಚಾಮುನೋರ್ವಾ ಅಂತ ಒಬ್ಬ ದಂಡಪಿಂಡ ಇದಾನಲ್ಲ ಅಜ್ಜಿ, ಇನ್ನೂ ಜೀವಂತ ಇದಾನಾ?"

ಅಜ್ಜಿಯ ಕೈ ಪೊರಕೆಯ ಮೇಲೆ ಬಿಗಿಯಾಯಿತು. "ನೀನ್ಯಾರು?"

"ನಾನಾ? ಅವನನ್ನ ಹೂಳೋನು!"

ಅಜ್ಜಿ ಕೂಗಿದ ಕೂಗಿಗೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಬಾಗಿಲು ತೆರೆದವು. "ಬಂದ! ಬಂದ! ಕೊಲೆಗಾರ ಬಂದ! ಹಗಲು ಹೊತ್ತಲ್ಲೇ ಬಂದಿದಾನೆ, ಕೋಳಿ ಬೇರೆ ತಂದಿದಾನೆ!" ಗೇಟಿನ ಸರಳಿನ ಸಂದಿಯಿಂದಲೇ ಪೊರಕೆ ತೂರಿಸಿ ಎರಡು ಬಿಟ್ಟಳು. ಮೂಟೆ ಬಿತ್ತು, ನೆಲಗಡಲೆ ಬೀದಿಯೆಲ್ಲ ಚೆಲ್ಲಿತು, ಕೋಳಿ ಹಾರಿ ನನ್ನ ಅಂಗಡಿಗೆ ನುಗ್ಗಿ ಎ-ನಾಲ್ಕು ಕಾಗದದ ಕಟ್ಟಿನ ಮೇಲೆ ಮಾಡಬಾರದ್ದನ್ನು ಮಾಡಿತು. ಎದುರು ಮನೆಯವನು ದೊಣ್ಣೆ ತಂದ. ಪಕ್ಕದ ಸಲೂನಿನವಳು ಗಿರಾಕಿಯ ಅರ್ಧ ಹೆಣೆದ ಜಡೆ ಬಿಟ್ಟು ಓಡಿಬಂದಳು. ಹಿಂದೆಯೇ ಆ ಗಿರಾಕಿಯೂ ಬಂದಳು.

ಗಲಾಟೆಗೆ ಎದ್ದು ಬಂದ ಚಾಮುನೋರ್ವಾ ಗೇಟು ತೆರೆಸಿ, ಎಲ್ಲರ ಎದುರು ಆ ಕೊಲೆಗಾರನನ್ನು ತಬ್ಬಿಕೊಂಡ. ತಬ್ಬಿದವನ ಬೆನ್ನ ಮೇಲೆ ಗುದ್ದುತ್ತ ಜೊಕೊನಿಯಾ, "ಛೆ, ಎಷ್ಟು ಗಟ್ಟಿಯಾಗಿದೀಯೋ! ಇನ್ನೂ ಇಪ್ಪತ್ತು ವರ್ಷ ನನ್ನ ಕಾಯಿಸ್ತೀಯ," ಎಂದ. ಅಜ್ಜಿ ಪೊರಕೆ ಕೆಳಗಿಡಲಿಲ್ಲ. ಆ ದಿನ ಪೂರ್ತಿ ಅದನ್ನು ಹಿಡಿದೇ ಓಡಾಡಿದಳು.

ಮಧ್ಯಾಹ್ನಕ್ಕೆ ಅದೇ ಕೋಳಿ ಸಾರಾಯಿತು. ಕೋಳಿಯ ಕಂದನಕಾಯಿ ಮನೆಯ ಯಜಮಾನನ ತಟ್ಟೆಗೆ ಬೀಳುವುದು ಇವರ ಪದ್ಧತಿ. ಬಿದ್ದ ಕ್ಷಣವೇ ಜೊಕೊನಿಯಾ ಅದನ್ನೆತ್ತಿ ಬಾಯಿಗೆ ಹಾಕಿಕೊಂಡ. ಊಟವಾದ ಮೇಲೆ ಗೋಡೆಗೆ ತೂಗುಹಾಕಿದ್ದ ಚಾಮುನೋರ್ವಾನ ಒಂದೇ ಒಂದು ಕೋಟು ತೆಗೆದು ತೊಟ್ಟು ನೋಡಿ, "ನಾಳೆ ಇದು ನಂಗಿರಲಿ. ಸಾಕ್ಷಿಗೆ ಗತ್ತು ಬೇಕು," ಎಂದ. ಬೇಡ ಎನ್ನುವ ಹಾಗಿಲ್ಲ, ಅವನು ಸಹ್ವೀರ.

ಹೀಗಾಗಿ ಗುರುವಾರ ಪ್ರಿಟೋರಿಯಾದ ಕಚೇರಿಯ ಮೆಟ್ಟಿಲು ಹತ್ತಿದಾಗ ಜೊಕೊನಿಯಾ ಕೋಟಿನಲ್ಲಿದ್ದ, ಅರ್ಜಿದಾರ ಎಣ್ಣೆ ಕಲೆಯ ನೀಲಿ ಕೆಲಸದಂಗಿಯಲ್ಲಿದ್ದ. ಕಡತ ಹೊತ್ತ ನಾನು ಹಿಂದೆ. ದಾರಿಯುದ್ದಕ್ಕೂ ಜೊಕೊನಿಯಾನ ಕಿವಿ ಹಿಂಡಿದ್ದೆ: "ಕೇಳಿದ್ದಕ್ಕಷ್ಟೇ ಉತ್ತರ. ಸಾವು ಬೇಡ, ಹೆಣ ಬೇಡ, ಆಮೆ ಬೇಡ."

ಸೆಲೆಪೆ ಮೇಡಂ ಸಣ್ಣಗೆ, ನೆಟ್ಟಗೆ ಕೂತಿದ್ದರು. ಮುಖದಲ್ಲಿ ನಗು ಎಂಬುದರ ಸುಳಿವಿಲ್ಲ. ಅವರ ಹಿಂದೆ ಕಿಟಕಿಯ ಬಳಿ ಪತ್ರಿಕೆ ಹಿಡಿದ ಮುದುಕರೊಬ್ಬರು. ಆ ವಿಭಾಗದ ಕಸುಬಿನ ಪರೀಕ್ಷಕರು, ಸ್ಕೋಸಾನಾ ಅಂತೆ. ಮೊದಲು ನಾನು ಸಹ್ವೀರ ಪದ್ಧತಿಯನ್ನು ವಿವರಿಸಿದೆ. ಮೇಡಂ ಶಾಂತವಾಗಿ ಕೇಳಿದರು.

"ಅಂದರೆ ಇವರು ಅರ್ಜಿದಾರರ ಶತ್ರುವಲ್ಲ?"

"ಅಲ್ಲ ಮೇಡಂ. ಬಹಳ ಆಪ್ತ."

"ಆಪ್ತ ಆಗಿರೋದ್ರಿಂದ ಬೈತಾರೆ?"

"ಹೌದು."

"ಹೊಗಳಿದ್ರೆ?"

"ಹೊಗಳಿದ್ರೆ ಏನೋ ಮನಸ್ತಾಪ ಇದೆ ಅಂತ ಅರ್ಥ."

ಮೇಡಂ ಎದುರಿದ್ದ ನಮೂನೆಯನ್ನು ನನ್ನ ಕಡೆ ತಿರುಗಿಸಿದರು. "ನೋಡಿ, ಇಲ್ಲಿ ಎರಡೇ ಚೌಕ ಇವೆ. 'ದೃಢೀಕರಿಸಿದ್ದಾರೆ.' 'ದೃಢೀಕರಿಸಿಲ್ಲ.' 'ಪ್ರೀತಿಯಿಂದ ಬೈದಿದ್ದಾರೆ' ಅಂತ ಚೌಕ ಇಲ್ಲ. ನಾನೇನ್ಮಾಡ್ಲಿ?" ಆಮೇಲೆ ಜೊಕೊನಿಯಾನ ಕಡೆ ತಿರುಗಿ, "ಹೇಳಿ. ಇವರಿಗೆ ಬಾಯ್ಲರ್ ಕೆಲಸ ಬರುತ್ತಾ ಇಲ್ವಾ?" ಎಂದರು.

ಜೊಕೊನಿಯಾ ಕೋಟಿನ ಗುಂಡಿ ಹಾಕಿಕೊಂಡ. ಎದ್ದು ನಿಂತ. ಶಾಲೆಯ ಹುಡುಗ ಪಾಠ ಒಪ್ಪಿಸುವಂತೆ ಗೋಡೆ ನೋಡುತ್ತ, "ಚಾಮುನೋರ್ವಾ ಒಬ್ಬ ಒಳ್ಳೆಯ ಕೆಲಸಗಾರ. ಚಾಮುನೋರ್ವಾ ಸಮಯಕ್ಕೆ ಸರಿಯಾಗಿ ಕೆಲಸ ಮುಗಿಸುತ್ತಾನೆ..." ಎಂದವನು ತಡೆದ. ಹಣೆ ಬೆವರಿತು. "ಮೇಡಂ, ಇದೊಂದು ಆಗಲ್ಲ. ಇಷ್ಟು ದೊಡ್ಡ ಸುಳ್ಳು ಹೇಳೋಕೆ ನನ್ನ ನಾಲಿಗೆ ಏಳಲ್ಲ. ಸಮಯಕ್ಕೆ ಸರಿಯಾಗಿ! ಇವನು!"

ನಾನು ಕಣ್ಣು ಮುಚ್ಚಿದೆ.

"ನನ್ನ ಗಿರಣಿಗೆ ಒಂದು ಎಣ್ಣೆ ತೊಟ್ಟಿ ಮಾಡ್ಕೊಡು ಅಂದೆ ಮೇಡಂ, ಹೋದ ವರ್ಷದ ಹಿಂದಿನ ಡಿಸೆಂಬರಿನಲ್ಲಿ, ರಜಕ್ಕೆ ಊರಿಗೆ ಬಂದಿದ್ದಾಗ. ನಮ್ಮೂರ ವೆಲ್ಡರು ಅರ್ಧ ದಿನದಲ್ಲಿ ಮಾಡ್ತಾನೆ. ಇವನು ಹನ್ನೊಂದು ದಿನ! ನೋಡಿ, ಹೀಗೆ!" ಎಂದವನೇ ಮೇಡಂ ಅವರ ಕಸದ ಡಬ್ಬಿ ಎತ್ತಿ ಕೋಣೆಯ ನಡುವೆ ಇಟ್ಟು, ತಾನು ಚಾಮುನೋರ್ವಾ ಆಗಿಬಿಟ್ಟ. ಹೊಟ್ಟೆ ಒಳಗೆ ಹೋಯಿತು, ಭುಜ ಕುಸಿಯಿತು, ಕೆಳತುಟಿ ಮುಂದೆ ಬಂತು. ಡಬ್ಬಿಯನ್ನು ಮೂರು ಸಲ ಸುತ್ತಿದ. ಕುಕ್ಕರುಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ಅಂಚು ನೋಡಿದ. "ಬೆಸುಗೆಯನ್ನ ಈ ತುದಿಯಿಂದ ಆ ತುದಿಗೆ ಒಂದೇ ಸಲ ಎಳೆದ್ರೆ ಮುಗೀತಲ್ಲ? ಇಲ್ಲ! ನಡುವಿನಿಂದ ಶುರು. ಇಲ್ಲೊಂದು ಗೇಣು. ಎದ್ದು ಓಡಿಹೋಗಿ ಆ ಕಡೆ ಒಂದು ಗೇಣು. ಮತ್ತೆ ಈ ಕಡೆ. ಮೊಟ್ಟೆ ಇಡೋಕೆ ಜಾಗ ಸಿಗದ ಕೋಳಿ ಹಾಗೆ ಓಡಾಡ್ತಾನೆ!"

ಕಿಟಕಿಯ ಬಳಿ ಪತ್ರಿಕೆ ಸ್ವಲ್ಪ ಕೆಳಗಿಳಿಯಿತು. "ಒಂದೇ ಸಲ ಎಳೆದ್ರೆ ತಗಡು ಸೊಟ್ಟಗಾಗುತ್ತೆ," ಎಂದರು ಸ್ಕೋಸಾನಾ. "ಆಮೇಲೆ?"

"ಆಮೇಲೆ ಏನು ತಾತ, ಮುಗೀತು ಅಂತ ಊಟಕ್ಕೆ ಕರೆದ್ರೆ ಬರಲ್ಲ. ನೀರು ತುಂಬಿಸ್ತಾನೆ. ಪಂಪು ಹಚ್ಚಿ ಒತ್ತಡ ಏರಿಸ್ತಾನೆ. ಪುಟ್ಟ ಸುತ್ತಿಗೆ ತಗೊಂಡು ಬೆಸುಗೆ ಉದ್ದಕ್ಕೂ ಟಕ್, ಟಕ್. ಕಿವಿ ಇಟ್ಟು ಕೇಳ್ತಾನೆ, ಬಸುರಿ ಹೊಟ್ಟೆಗೆ ಕಿವಿ ಇಟ್ಟ ಹಾಗೆ! ಸಾಸಿವೆ ಕಾಳಷ್ಟು ಒಂದು ಹನಿ ಕಾಣ್ತು. ಒಂದು ಹನಿ! ಅಷ್ಟಕ್ಕೆ ಸೀಮೆಸುಣ್ಣದಲ್ಲಿ ಸುತ್ತು ಹಾಕಿ, ಅಷ್ಟುದ್ದದ ಬೆಸುಗೇನ ಪೂರ್ತಿ ಉಜ್ಜಿ ತೆಗೆದು ಮತ್ತೆ ಮೊದಲಿಂದ! ನನ್ನ ಹೆಂಡತಿ ಅಳ್ತಾಳೆ, ಅನ್ನ ಆರಿಹೋಯ್ತು ಅಂತ. ಗಿರಾಕಿಗಳು ಜೋಳದ ಚೀಲ ಹೊತ್ಕೊಂಡು ವಾಪಸ್ ಹೋಗ್ತಿದಾರೆ. ಇವನು 'ಅದು ಹಾಗಲ್ಲ, ಅದು ಹಾಗಲ್ಲ' ಅಂತಾನೆ!"

ಸ್ಕೋಸಾನಾ ಈಗ ಪತ್ರಿಕೆ ಮಡಚಿ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಿದ್ದರು. "ಒಳಗಡೆ ಬೆಸುಗೆ ಹಾಕಿದ್ನಾ, ಬರೀ ಹೊರಗಡೆಯಾ?"

"ಒಳಗೂ ಹಾಕ್ದ! ತಾನು ಒಳಗಿರೋದನ್ನೇ ಮರೆತ ಅಂತ ಸುಮ್ನೆ ಹೇಳಿದ್ನಾ? ಊಟಕ್ಕೆ ಕೂಗಿದ್ರೆ ತೊಟ್ಟಿಯೇ 'ಬಂದೇ' ಅಂತು!"

"ತೊಟ್ಟಿ ಈಗ ಸೋರುತ್ತಾ?"

"ಎಲ್ಲಿ ಸೋರುತ್ತೆ? ನಾವು ಸತ್ತ ಮೇಲೂ ಸೋರಲ್ಲ, ಅದೇ ತಾನೇ ಪೀಡೆ! ಸೋರಿದ್ರೆ ಬೈಯೋಕೆ ಇನ್ನೊಂದು ಸಿಗ್ತಿತ್ತು."

ಮುದುಕರು ನಕ್ಕರು. ಕೆಮ್ಮು ಬರುವವರೆಗೂ ನಕ್ಕರು. ಮೇಡಂ ನಗಲಿಲ್ಲ. ಆದರೆ ಸ್ಕೋಸಾನಾ ಅವರ ಕಿವಿಯಲ್ಲಿ ಏನೋ ಹೇಳಿದ ಮೇಲೆ ಪೆನ್ನು ಎತ್ತಿಕೊಂಡು, "ಪರೀಕ್ಷಕರು ಒಪ್ಪಿದ್ದಾರೆ. ಇಂಥ ಸಾಕ್ಷಿಗೆ ಚೌಕ ಇಲ್ಲ, ಆದರೆ ಕಸುಬಿನ ಪ್ರಾತ್ಯಕ್ಷಿಕೆಗೆ ಇದೆ. ಅದರಲ್ಲಿ ಹಾಕ್ತೀನಿ. ಕೆಳಗೆ ಕೂತಿರಿ, ಅರ್ಧ ಗಂಟೆಯಲ್ಲಿ ಪ್ರಮಾಣಪತ್ರ ಕೊಡ್ತಾರೆ," ಎಂದರು.

ಕೆಳಗಿನ ಕಿಟಕಿಯಲ್ಲಿ ಲಕೋಟೆ ಸಿಕ್ಕಿತು. ಮುದ್ರೆ ಹಾಕಿದ ಲಕೋಟೆ. ಟ್ಯಾಕ್ಸಿ ನಿಲ್ದಾಣದವರೆಗೂ ಚಾಮುನೋರ್ವಾ ಅದನ್ನು ಎರಡು ಕೈಯಲ್ಲಿ, ತುಂಬಿದ ಲೋಟದಂತೆ ಹಿಡಿದು ನಡೆದ. ಈ ಸಲ ನಾನು ಬಿಡಲಿಲ್ಲ. ಕಿತ್ತುಕೊಂಡು ಒಡೆದೆ.

'ಈ ಮೂಲಕ ಪ್ರಮಾಣೀಕರಿಸುವುದೇನೆಂದರೆ, ನಮ್ಮ ಪರೀಕ್ಷಕರ ಸಮ್ಮುಖದಲ್ಲಿ ಪ್ರಾತ್ಯಕ್ಷಿಕೆ ನೀಡಿದ ಶ್ರೀ ಜೊಕೊನಿಯಾ ಅವರು ಉನ್ನತ ದರ್ಜೆಯ ಬಾಯ್ಲರ್ ಕೆಲಸಗಾರರು...'

ನಾನು ಎರಡು ಸಲ ಓದಿದೆ. ಪ್ರಾತ್ಯಕ್ಷಿಕೆ ನೀಡಿದವರ ಹೆಸರು ಎಂಬಲ್ಲಿ ಮೇಡಂ ಯಾರು ನೀಡಿದರೋ ಅವರ ಹೆಸರನ್ನೇ ಬರೆದಿದ್ದರು. ತಪ್ಪು ಎನ್ನುವಂತೆಯೂ ಇಲ್ಲ. ಈ ದೇಶದಲ್ಲಿ ಯಾರೂ ತಪ್ಪು ಮಾಡುವುದಿಲ್ಲ, ಎಲ್ಲರೂ ಸರಿಯಾಗಿ ಮಾಡಿ ನಮ್ಮನ್ನು ಸಾಯಿಸುತ್ತಾರೆ.

ಜೊಕೊನಿಯಾ ಕಾಗದ ಕಸಿದುಕೊಂಡು ನೋಡಿ, ಟ್ಯಾಕ್ಸಿಯವರೆಲ್ಲ ತಿರುಗಿ ನೋಡುವಂತೆ ಕೇಕೆ ಹಾಕಿದ. "ನಂಗೆ ಬಾಯ್ಲರ್ ಕೆಲಸ ಬರುತ್ತೆ ಅಂತ ನಂಗೇ ಗೊತ್ತಿರ್ಲಿಲ್ಲ! ಉನ್ನತ ದರ್ಜೆ! ಲೋ ಚಾಮುನೋರ್ವಾ, ಕೆಲಸ ಬೇಕಿದ್ರೆ ಹೇಳೋ, ಕೈಕೆಳಗೆ ಇಟ್ಕೋತೀನಿ! ನೀರು ಹೊರೋಕೆ ಒಬ್ಬ ಬೇಕು!"

ಚಾಮುನೋರ್ವಾ 'ಅದು ಹಾಗಲ್ಲ' ಎನ್ನಲಿಲ್ಲ. ರಸ್ತೆಯಂಚಿನ ಕಲ್ಲಿನ ಮೇಲೆ ಕುಳಿತ. ಅಂಗೈಗಳನ್ನು ಮೊಣಕಾಲ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡ. ಹನ್ನೊಂದು ವರ್ಷದ ಕಿಡಿ ಸುಟ್ಟ ಕಲೆಗಳು ಅದರ ತುಂಬ.

"ನಾಳೆ ಶುಕ್ರವಾರ," ಎಂದ. "ನಾಳೆ ಬಿಟ್ರೆ ಕಚೇರಿ ಇಲ್ಲ. ಶನಿವಾರಕ್ಕೆ ತಿಂಗಳು ಮುಗಿಯುತ್ತೆ. ರುವಾಗೆ ಏನ್ ಹೇಳ್ಲಿ?"

ಜೊಕೊನಿಯಾನ ಬಾಯಿ ತೆರೆದದ್ದು ತೆರೆದೇ ಇತ್ತು. ಮುಂದಿನ ಬೈಗುಳ ಸಿದ್ಧವಾಗಿದ್ದದ್ದು ನನಗೆ ಕಂಡಿತು, ಅವನು ಅದನ್ನು ನುಂಗಿಕೊಂಡದ್ದೂ ಕಂಡಿತು. "ಏಳೋ," ಎಂದ. "ಏಳು. ವಾಪಸ್ ಹೋಗೋಣ."

ಮೇಡಂ ಊಟಕ್ಕೆ ಎದ್ದಿದ್ದವರು ನಮ್ಮನ್ನು ನೋಡಿ ಮತ್ತೆ ಕೂತರು. ಪ್ರಮಾಣಪತ್ರ ನೋಡಿದರು. ನಮೂನೆ ನೋಡಿದರು. "ಕಂಪ್ಯೂಟರು ಒಪ್ಪಿಕೊಂಡಿದೆಯಲ್ಲ," ಎಂದರು. "ಹೆಸರು ಬದಲಾಯಿಸಬೇಕು ಅಂದ್ರೆ ಪ್ರಮಾಣಪತ್ರ ಪಡೆದವರೇ ಬರೆದುಕೊಡಬೇಕು. ನನಗೆ ಈ ಕಸುಬು ಬರೋದಿಲ್ಲ, ಬರೋದು ಇಂಥವರಿಗೆ ಅಂತ. ಪೊಲೀಸ್ ಠಾಣೆಯಲ್ಲಿ ಪ್ರಮಾಣ ಮಾಡಿ ಠಸ್ಸೆ ಹಾಕಿಸಿ. ಮಧ್ಯಾಹ್ನ ಎರಡು ಗಂಟೆಯೊಳಗೆ ತಂದ್ರೆ ಇವತ್ತೇ ಕೊಡ್ತೀನಿ." ಊಟಕ್ಕೆ ಮತ್ತೆ ಏಳುತ್ತ, "ಈ ಸಲ ಯಾರೂ ಅಳೋದು ಬೇಡ," ಎಂದರು.

ಠಾಣೆ ಎದುರುಗಡೆಯೇ ಇತ್ತು. ಜೊಕೊನಿಯಾ ಬಾಗಿಲಲ್ಲಿ ನಿಂತು ಚಾಮುನೋರ್ವಾನಿಗೆ, "ನೀನು ಹೊರಗಿರು. ಕೋಟು ಹಾಕಿದೋರನ್ನಷ್ಟೇ ಒಳಗೆ ಬಿಡ್ತಾರಂತೆ," ಎಂದ. ಯಾವ ಪೊಲೀಸೂ ಹಾಗಂದಿರಲಿಲ್ಲ. ಆದರೆ ಅವನು ನಂಬಿ ಹೊರಗೇ ನಿಂತ.

ಒಳಗೆ ಕಟಕಟೆಯ ಆ ಕಡೆ ಒಬ್ಬ ಪೊಲೀಸ್ ಹೆಂಗಸು ಕಿತ್ತಳೆ ಸುಲಿಯುತ್ತಿದ್ದಳು. ನಾನು ಕಾಗದ ತೆಗೆದು ಬರೆಯಲು ಕೂತೆ. ಜೊಕೊನಿಯಾ ಒಮ್ಮೆ ಬಾಗಿಲ ಕಡೆ ನೋಡಿದ. ಗಾಜಿನಾಚೆ ನೀಲಿ ಬೆನ್ನು ಕಾಣುತ್ತಿತ್ತು. ದನಿ ತಗ್ಗಿಸಿದ. ಅವನಿಗೆ ಅಷ್ಟು ಸಣ್ಣ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

"ಬರ್ಕೋ. ನನಗೆ ಬೆಸುಗೆ ಬರೋದಿಲ್ಲ. ನಾನು ಆಡಿ ತೋರಿಸಿದ್ದೆಲ್ಲ ಅವನು ಮಾಡಿದ್ದು."

ಬರೆದೆ. "ಸಾಕಾ?"

"ತಡಿ. ಬರ್ಕೋ. ಅವನ ಕೈಯಲ್ಲಿ ಆದ ಕೆಲಸ ಇವತ್ತಿನವರೆಗೆ ಒಂದೂ ಕೆಟ್ಟಿಲ್ಲ. ಅವನಂಥ ಕೆಲಸಗಾರನ್ನ ನಾನು ನಮ್ಮ ಸೀಮೇಲಿ ನೋಡಿಲ್ಲ." ಮೂಗು ಉಜ್ಜಿಕೊಂಡ. "ಅವನಿಗೆ ಇದನ್ನ ಓದೋಕೆ ಕೊಟ್ರೆ ನಿನ್ನ ಯಂತ್ರಕ್ಕೆ ಬೆಂಕಿ ಇಡ್ತೀನಿ ಜೆರಾಕ್ಸಣ್ಣ. ಲಕೋಟೆಗೆ ಹಾಕು, ಅಂಟಿಸು, ಅದರ ಮೇಲೂ ಒಂದು ಠಸ್ಸೆ ಒತ್ತಿಸು. ಠಸ್ಸೆ ಇದ್ರೆ ಅವನು ಒಡೆಯಲ್ಲ."

ಹೊರಗೆ ಬಂದಾಗ ಚಾಮುನೋರ್ವಾ, "ಏನು ಬರೆಸ್ದೆ?" ಎಂದ.

"ನಿನ್ನ ಹೆಂಡತಿ ಮಾಡಿದ ಸಾರಿಗೆ ಉಪ್ಪು ಕಡಿಮೆ ಅಂತ ಬರೆಸ್ದೆ. ನಡಿ, ಎರಡು ಗಂಟೆ ಆಗುತ್ತೆ, ನಿನ್ನ ಕಾಲಲ್ಲಿ ನಡೆದ್ರೆ ನಾಳಿದ್ದು ತಲುಪ್ತೀವಿ."

ಸೆಲೆಪೆ ಮೇಡಂ ಲಕೋಟೆ ಒಡೆದು ಓದಿದರು. ಓದಿ ಜೊಕೊನಿಯಾನನ್ನು ನೋಡಿದರು. ಅವನು ಚಾವಣಿ ನೋಡುತ್ತಿದ್ದ. ಅವರ ತುಟಿಯ ಒಂದು ತುದಿ ಅಲುಗಿತು. ನಗುವೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಹೊಸ ಪ್ರಮಾಣಪತ್ರದಲ್ಲಿ ಚಾಮುನೋರ್ವಾನ ಹೆಸರಿತ್ತು. ಶುಕ್ರವಾರ ಅರ್ಜಿ ಒಳಗೆ ಹೋಯಿತು. ಶನಿವಾರ ಫಾನ್ ಟೊಂಡರ್ ಕಾರ್ಖಾನೆಗೆ ಬೀಗ ಹಾಕಿದ. ಎಪಿಫಾನಿಯಾ ಸೂಟ್‌ಕೇಸನ್ನು ಮತ್ತೆ ಮೇಲೇರಿಸಿದಳು, ಆದರೆ ಅದರೊಳಗಿಂದ ಬಟ್ಟೆ ತೆಗೆಯಲಿಲ್ಲ. ರುವಾ ಪರೀಕ್ಷೆ ಬರೆದು ಮುಗಿಸಿದಳು. ತೆಂಜಿವೆ ಅಜ್ಜಿ ದಿನವೂ ಗೇಟಿನಲ್ಲಿ ಅಂಚೆಯವನ ಚೀಲವನ್ನು ತಾನೇ ಹುಡುಕಿ ಕಳಿಸುತ್ತಿದ್ದಳು.

ಹತ್ತನೇ ವಾರ ವೀಸಾ ಬಂತು. ಈ ಸಲ ಅದರ ಮೇಲೆ ಯಾವ ಧಣಿಯ ಹೆಸರೂ ಇರಲಿಲ್ಲ, ಕಸುಬಿನ ಹೆಸರು ಮಾತ್ರ. ಚಾಮುನೋರ್ವಾ ಓಡಿ ಅಂಗಡಿಗೆ ಬಂದ. ಅವನು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಫೋನು ಹಚ್ಚಿ ನನ್ನ ಮೇಜಿನ ಮೇಲಿಟ್ಟ.

"ಬಂತು, ಸಹ್ವೀರ."

"ಕೊಟ್ಟೇಬಿಟ್ರಾ?" ಗಿರಣಿಯ ಸದ್ದಿನ ಮೇಲೆ ಜೊಕೊನಿಯಾನ ಸದ್ದು ಬಂತು. "ಮುಗೀತು ಬಿಡು ಆ ದೇಶದ ಕಥೆ."

"ಇನ್ನು ನಂಗೆ ಧಣಿ ಇಲ್ಲ ಕಣೋ."

"ಅಯ್ಯೋ ದೇವರೇ. ಅಂದ್ರೆ ಇನ್ಮೇಲೆ ನಿನ್ನ ಬೈಯೋಕೆ ಉಳಿದೋನು ನಾನೊಬ್ಬನೇ. ಅವನ ಪಾಲಿನದೂ ನನ್ನ ತಲೆ ಮೇಲೆ ಬಿತ್ತು. ಇಷ್ಟು ಕೆಲಸ ನಾನೊಬ್ಬನೇ ಹೇಗೋ ಮಾಡ್ಲಿ?"

ಚಾಮುನೋರ್ವಾ ನಗುತ್ತ ಕಣ್ಣೊರೆಸಿಕೊಂಡ. ಪಾಸ್‌ಪೋರ್ಟನ್ನು ತೆರೆದು ಯಂತ್ರದ ಗಾಜಿನ ಮೇಲೆ ತಾನೇ ಮಲಗಿಸಿದ, ಅಂಚು ನೇರವಾಗುವವರೆಗೆ ಬೆರಳ ತುದಿಯಲ್ಲಿ ಸರಿಮಾಡಿದ. ನಾನು ಗುಂಡಿ ಒತ್ತಿದೆ. ಹಸಿರು ಬೆಳಕು ಆ ಕಡೆಯಿಂದ ಹೊರಟು, ವೀಸಾದ ಅರ್ಧದವರೆಗೆ ಬಂತು. ಅಷ್ಟಕ್ಕೆ ಎಂದಿನಂತೆ ಬೀದಿಯ ಕರೆಂಟು ಹೋಯಿತು.